ಬಿಸಿಲಿನ ಬ್ಯಾಸರಕ್ಕೊಂದು ಪದ

‘ಗ್ಲೂಮಿ’ ಪದದ ಮುಂದೆ ಟೇಲರ್ ಶರಣಮ್ಮ ‘ಖುಷಿ’ ಎಂದು ಅರ್ಥ ಬರೆದಿದ್ದರು. ರಂಗಂಪೇಟೆಯ ನನ್ನ ಇಂಗ್ಲಿಷ್ ತರಗತಿಯಲ್ಲಿ ‘ಸ್ಯಾಡ್’ ದುಃಖದ ಮನಸ್ಸಿಗೆ, ‘ಗ್ಲೂಮಿ’ ಅಂಥ ಮನಸ್ಸಿಗೂ ಮೋಡ ಕವಿದ ದಿನಕ್ಕೂ ಬಳಸುವ ಮಾತು ಎಂದು ಆಗಷ್ಟೇ ಹೇಳಿಕೊಟ್ಟಿದ್ದೆ. ತಪ್ಪೆಂದು ಕೆಂಪು ಗೆರೆ ಎಳೆದೆ.

“ಮೋಡ ಆದ್ರ ಜೀವ ತಂಪಾಗ್ತದಲ್ರಿ ಮೇಡಂ, ದುಃಖ ಯಾಕ ಆಗ್ತದ?” ಎಂದರು ಶರಣಮ್ಮ.

“ಹಂಗಾದ್ರ ನಿಮಗ ಯಾವಾಗ ಬ್ಯಾಸರ ಆಗ್ತದ?” ಎಂದು ಕೇಳಿದೆ.

“ಬ್ಯಾಸಗಿ ಮಧ್ಯಾಹ್ನರಿ. ಸುಡು ಬಿಸಲಾಗ ಓಣಿ ಭಣಭಣ ಅಂತಿರ್ತದ, ಮನಸೂ ಹಂಗೇ. ಅದಕ್ಕ ಇಂಗ್ಲಿಷ್‌ನಾಗ ಏನಂತಾರ್ರಿ?”

ಮನೆಗೆ ಬಂದು ನಿಘಂಟು ತಿರುವಿದೆ. ದುಃಖದ ಪದಗಳಲ್ಲಿ ಮೋಡವಿತ್ತು, ಕತ್ತಲಿತ್ತು. ಬಿಸಿಲಿನದು ಒಂದೂ ಸಿಗಲಿಲ್ಲ. ಮರುದಿನ ಬೋರ್ಡಿನ ಮೇಲೆ ‘ಭಣಭಣ’ ಎಂದು ಬರೆದು, ಅದರ ಮುಂದಿನ ಜಾಗ ಖಾಲಿ ಬಿಟ್ಟೆ.