ಮಿಂಚಪ್ಪನ ಅಪ್ಪನನ್ನು ಒಳಗೆ ಬಿಡಬೇಕೇ?

ಹಿಂದಿಯಿಂದ ಕನ್ನಡಕ್ಕೆ ಹೇಳುವಾಗ ನಾನೊಂದು ಸುಳ್ಳು ಹೇಳಿದೆ. ಒಂದೇ ವಾಕ್ಯ. ಅದರಿಂದಾಗಿ ಗೋವಾದಲ್ಲಿದ್ದ ಗಂಡಸೊಬ್ಬ ಬಸ್ಸು ಹತ್ತಿ ಕಾಪುವಿಗೆ ಬಂದ.

ವಿವರವಾಗಿಯೇ ಹೇಳುತ್ತೇನೆ.

ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಒಂದು ಹಿಂದಿ ಧಾರಾವಾಹಿ ಬರುತ್ತದೆ. ಹೀರೋನ ಅಂಗೈಯಿಂದ ಮಿಂಚು ಹೊರಡುತ್ತದೆ. ಅವನು ಹಾರುತ್ತಾನೆ, ಲಾರಿ ಎತ್ತುತ್ತಾನೆ, ಅಮ್ಮನ ಮುಂದೆ ಮಾತ್ರ ತಲೆ ತಗ್ಗಿಸುತ್ತಾನೆ. ಹಿಂದಿಯಲ್ಲಿ ಅವನಿಗೆ ಉದ್ದದ ಹೆಸರುಂಟು. ನಮ್ಮ ಮನೆಯಲ್ಲಿ ಅವನು ಮಿಂಚಪ್ಪ.

ಆ ಹೆಸರಿಟ್ಟವಳು ಯಲ್ಲವ್ವ. ಬಾದಾಮಿ ಕಡೆಯವಳು. ನಮ್ಮ ಪಕ್ಕದ ಜಾಗದಲ್ಲಿ ಮನೆಯೊಂದು ಏಳುತ್ತಿದೆ. ಅಲ್ಲಿ ಕಾಂಕ್ರೀಟು ಹೊರುತ್ತಾಳೆ, ಅಲ್ಲಿಯೇ ಶೆಡ್ಡಿನಲ್ಲಿ ಇರುತ್ತಾಳೆ. ಒಮ್ಮೆ ನೀರು ಕೇಳಲು ಬಂದವಳು ಬಾಗಿಲಲ್ಲಿ ನಿಂತು ಟೀವಿ ನೋಡಿದಳು. ಮುಂದಿನ ವಾರ ಒಳಗೆ ಬಂದು ಕೂತಳು. ನಮ್ಮ ಮನೆಯೊಡತಿ ಜಲಜಕ್ಕನೂ ಆ ಹೊತ್ತಿಗೆ ಸರಿಯಾಗಿ ಮೀನಿನ ಸಾರು ಒಲೆಯಿಂದ ಇಳಿಸಿ ಕೈ ಒರೆಸುತ್ತಾ ಬರುತ್ತಾರೆ. ಇಪ್ಪತ್ತು ವರ್ಷ ಬೊಂಬಾಯಿಯಲ್ಲಿದ್ದವರು, ಹಿಂದಿ ನನಗಿಂತ ಚೆನ್ನಾಗಿ ಬರುತ್ತದೆ. ಆದರೂ ಯಲ್ಲವ್ವನಿಗೆ ಕಥೆ ಹೇಳುವ ಕೆಲಸ ನನ್ನದು.

"ನೀವೇ ಹೇಳಿ ಟೀಚರ್. ನಿಮಗೆ ಅಭ್ಯಾಸ ಉಂಟಲ್ವಾ?" ಎಂದಿದ್ದರು ಜಲಜಕ್ಕ. (ಕಾರ್ಕಳದ ಕಾಲೇಜೊಂದರಲ್ಲಿ ನಾನು ಪಾಠ ಮಾಡುವುದು ಕನ್ನಡ. ಆದರೆ ಅದನ್ನು ಯಾರು ಕೇಳುತ್ತಾರೆ?)

ನಾಲ್ಕು ವಾರ ನಮ್ಮ ಮನೆಯಲ್ಲಿ ನಡೆದ ಜಗಳ ಇಷ್ಟೇ. ಮಿಂಚಪ್ಪ ಕೂಸಾಗಿದ್ದಾಗ ಅವನ ಅಪ್ಪ ಮನೆ ಬಿಟ್ಟು ಹೋಗಿ ಖಳನ ಕೋಟೆಯಲ್ಲಿ ಕಾವಲುಗಾರನಾಗಿದ್ದ. ಈಗ ತಲೆ ನರೆತ ಮೇಲೆ ಹಿಂದಿರುಗಿದ್ದಾನೆ. ಅಮ್ಮ ಅವನನ್ನು ಮನೆಯೊಳಗೆ ಸೇರಿಸಬೇಕೇ, ಬೇಡವೇ?

"ಹೊರಗ ನಿಂದ್ರಸಬೇಕ್ರೀ" ಎಂದಳು ಯಲ್ಲವ್ವ. "ಕೂಸು ಬಿಟ್ಟು ಹೋದಾಂವಗ ಈಗ ಮನಿ ನೆನಪಾತೇನು?"

"ಅಪ್ಪ ಒಳಗೆ ಬಾರದಿದ್ದರೆ ಕಥೆ ಮುಂದೆ ಹೋಗುವುದು ಹೇಗೆ ಮಾರಾಯ್ತಿ?" ಎಂದರು ಜಲಜಕ್ಕ. "ಮತ್ತೆ ಬರೀ ಲಾರಿ ಎತ್ತುವುದು ನೋಡುವುದಾ?"

ನಾನು ಸುಮ್ಮನಿರುತ್ತೇನೆಯೇ? ಪಾತ್ರ ಎಂದರೇನು, ಅದು ಬೆಳೆಯಬೇಕಾದರೆ ಏನಾಗಬೇಕು ಎಂದು ಪಾಠವನ್ನೇ ಶುರು ಮಾಡಿದೆ. ಈ ತಾಯಿ ಮೊದಲ ವಾರದಿಂದಲೂ ಕರುಣಾಮಯಿ. ಶತ್ರುವಿನ ಸೈನಿಕನ ಗಾಯಕ್ಕೂ ಬಟ್ಟೆ ಕಟ್ಟಿದವಳು. ಅಂಥವಳು ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿದರೆ ಬರೆದವನಿಗೆ ತನ್ನ ಪಾತ್ರವೇ ಗೊತ್ತಿಲ್ಲ ಎಂದಂತೆ. "ನೋಡ್ತಾ ಇರು, ಕ್ಷಮಿಸಿಯೇ ಕ್ಷಮಿಸುತ್ತಾಳೆ" ಎಂದೆ.

ಯಲ್ಲವ್ವ ಒಪ್ಪಲಿಲ್ಲ. "ಗಾಯಕ್ಕ ಬಟ್ಟಿ ಕಟ್ಟೋದ ಬ್ಯಾರೆ ಅಕ್ಕಾರ. ಮನ್ಯಾಗ ಇಟ್ಕೊಳ್ಳೋದ ಬ್ಯಾರೆ."

ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ಎದುರು ಯಾರೂ ಇಷ್ಟು ಸರಿಯಾಗಿ ವಾದಿಸಿದ್ದಿಲ್ಲ. ನನಗೆ ಸ್ವಲ್ಪ ಕೋಪವೇ ಬಂತು.

ನಾಲ್ಕನೆಯ ಭಾನುವಾರ ಆ ದೃಶ್ಯ ಬಂತು. ಅಪ್ಪ ಹೊಸ್ತಿಲ ಹೊರಗೆ ನಿಂತಿದ್ದಾನೆ. ಅಮ್ಮ ಬಾಗಿಲು ತೆಗೆದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹಿಂದಿಯಲ್ಲಿ ಮೆಲ್ಲಗೆ, ನಿನ್ನ ಮೇಲೆ ಸಿಟ್ಟಿಲ್ಲ, ಆದರೆ ಈ ಮನೆಯಲ್ಲಿ ನಿನಗೆ ಜಾಗವೂ ಇಲ್ಲ ಎಂದಳು. ಅಪ್ಪನ ಮುಖ ತೋರಿಸಿದರು. ಕಂತು ಮುಗಿಯಿತು.

"ಏನಂದ್ಳ್ರೀ?" ಎಂದಳು ಯಲ್ಲವ್ವ.

ನಾನು ಜಲಜಕ್ಕನ ಕಡೆ ನೋಡಿದೆ. ಅವರು ಸೀರೆಯ ಸೆರಗು ನೋಡಿಕೊಳ್ಳುತ್ತಿದ್ದರು.

"ಸಿಟ್ಟಿಲ್ಲ, ಒಳಗೆ ಬಾ ಅಂದಳು" ಎಂದೆ.

ಯಾಕೆ ಹಾಗೆ ಹೇಳಿದೆ? ಅವಳ ಮನಸ್ಸಿಗೆ ನೋವಾಗದಿರಲಿ ಎಂದಲ್ಲ. ನಾಲ್ಕು ವಾರ ಪಾಠ ಮಾಡಿದವಳು ಸೋತೆ ಎಂದು ಒಪ್ಪಿಕೊಳ್ಳಲಾಗಲಿಲ್ಲ. ಅಷ್ಟೇ ಕಾರಣ.

ಯಲ್ಲವ್ವ ಕೂತಲ್ಲೇ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದಳು.

ಮುಂದಿನ ಭಾನುವಾರ ಅವಳು ಬರಲಿಲ್ಲ. ಧಾರಾವಾಹಿ ಮುಗಿದ ಮೇಲೆ ಕೇಳಿದೆ. "ಅವಳ ಗಂಡ ಬರ್ತಾನಂತೆ ಟೀಚರ್" ಎಂದರು ಜಲಜಕ್ಕ. "ಮೂರು ವರ್ಷದ ಹಿಂದೆ ಬೇರೆ ಹೆಂಗಸಿನ ಜೊತೆ ಗೋವಾಕ್ಕೆ ಹೋಗಿದ್ದನಂತೆ. ಈಗ ಒಬ್ಬನೇ ಇದ್ದಾನೆ. ಬರ್ತೇನೆ ಬರ್ತೇನೆ ಅಂತ ಹೇಳಿ ಕಳಿಸ್ತಾ ಇದ್ದ, ಇವಳು ಬೇಡ ಅಂತಿದ್ದಳು. ನಿನ್ನೆ ಎಸ್‌ಟಿಡಿ ಬೂತಿಗೆ ಹೋಗಿ ಬಾ ಅಂತ ಹೇಳಿದಳಂತೆ."

"ಜಲಜಕ್ಕ, ಆ ದಿನ ನಾನು ಹೇಳಿದ್ದು..."

"ತಪ್ಪು ಹೇಳಿದಿರಿ. ನನಗೂ ಕೇಳಿತ್ತು."

"ಮತ್ತೆ ಸುಮ್ಮನಿದ್ದಿರಲ್ಲ?"

"ನೀವು ಹೇಳಿದ ಕಥೆಯೇ ನನಗೂ ಚೆಂದ ಕಂಡಿತು" ಎಂದರು ಅವರು.

ಆಗಲೇ ಎದ್ದು ಶೆಡ್ಡಿಗೆ ಹೋದೆ. ಯಲ್ಲವ್ವ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಆ ತಾಯಿ ಒಳಗೆ ಬಾ ಅನ್ನಲಿಲ್ಲ, ನಾನೇ ಸುಳ್ಳು ಹೇಳಿದ್ದು, ವಾದದಲ್ಲಿ ಗೆಲ್ಲಬೇಕಿತ್ತು ಎಂದೆ. ಹೇಳಿ ಮುಗಿಸುವಾಗ ನನ್ನ ಮಾತು ನನಗೇ ತೀರ ಸಣ್ಣದಾಗಿ ಕೇಳಿಸಿತು.

ಅವಳು ಬಟ್ಟೆ ಹಿಂಡಿ ಕಲ್ಲಿನ ಮೇಲಿಟ್ಟಳು. "ಟೀವಿ ನೋಡಿ ಗಂಡನ್ನ ಕರದೀನಿ ಅಂತ ತಿಳ್ಕೊಂಡ್ರೇನು?"

ನಾನು ಹೌದೆಂದು ತಲೆಯಾಡಿಸಿದೆ.

"ಅರ್ಧಾ ಹೌದು. ಕರೀಬೇಕೋ ಬ್ಯಾಡೋ ಅಂತ ಮೊದಲ ಕುದೀತಿದ್ದೆ. ಕರದ್ರ ಮಂದಿ ಕಣ್ಣಾಗ ಸಣ್ಣಾಕಿ ಆಗ್ತೀನಿ ಅಂತ ಅಂಜಿಕಿ ಇತ್ತು. ಅಂಥಾ ಗಟ್ಟಿ ಹೆಣ್ಮಗಳ ಕರದಾಳಂದ್ರ ನಾನೂ ಕರೀಬಹುದು ಅನಿಸ್ತು." ಇನ್ನೊಂದು ಬಟ್ಟೆ ಕೈಗೆತ್ತಿಕೊಂಡು ಕೇಳಿದಳು. "ಇನ್ನೂ ಏನೇನ್ ಸುಳ್ಳ ಹೇಳೀರಿ ಅಕ್ಕಾರ?"

"ಬೇರೆ ಏನೂ ಇಲ್ಲ."

"ನಂಬೂದ ಹ್ಯಾಂಗ?"

ನಾನು ಮನೆಗೆ ಹಿಂದಿರುಗಿದೆ.

ಅವಳ ಗಂಡ ಹನಮಂತ ಬುಧವಾರ ಬಂದ. ನಾನು ಕಾಲೇಜಿನಿಂದ ಬಸ್ಸಿಳಿದು ಬರುವಾಗ ಕೆಂಪುಕಲ್ಲಿನ ರಾಶಿಯ ಮೇಲೆ ಬ್ಯಾಗು ತೊಡೆಯ ಮೇಲಿಟ್ಟು ಕೂತಿದ್ದ. ಸೋತ ಮುಖದ, ಸಾಧಾರಣ ಮನುಷ್ಯ. ಯಲ್ಲವ್ವ ರೊಟ್ಟಿ ಹಾಕಿಕೊಟ್ಟಳು. ಅವನು ಉಂಡ. ಇಬ್ಬರೂ ಕತ್ತಲಾಗುವವರೆಗೂ ಮಾತಾಡಿದರು. ಕಿಟಕಿಯಿಂದ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. (ಕೇಳುವಂತಿದ್ದರೆ ಖಂಡಿತ ಕೇಳುತ್ತಿದ್ದೆ.) ಆಮೇಲೆ ಅವನು ಬ್ಯಾಗು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಹೊರಗೆ ಹಾಕಿದಳು ಎಂದುಕೊಂಡೆ. ಮರುದಿನ ಬೆಳಿಗ್ಗೆ ಅವಳೇ ಕಾಂಪೌಂಡಿನ ಹತ್ತಿರ ಬಂದಳು. "ಇಲ್ಲೇ ಹತ್ರ ಶಿರ್ವದಾಗ ನಮ್ಮ ಮೇಸ್ತ್ರಿದು ಇನ್ನೊಂದು ಮನಿ ನಡದೈತಿ. ಅಲ್ಲಿ ದುಡೀಲಿ, ಅಲ್ಲೇ ಇರ್ಲಿ. ಆಯಿತವಾರ ಇಲ್ಲಿ ಬಂದು ಉಣ್ಲಿ. ದೀಪಾವಳಿಗೆ ಊರಿಗೆ ಹೋಗಿ ಮಗಳ ಮುಂದ ನಿಂದ್ರಲಿ. ಆಕಿ ಏನಂತಾಳ ನೋಡಿ ಮುಂದಿಂದು."

ಅವಳ ಮಗಳು ಬಾದಾಮಿಯಲ್ಲಿ ಅಜ್ಜಿಯ ಹತ್ತಿರ ಇದ್ದಾಳೆ, ನಾಲ್ಕನೇ ಕ್ಲಾಸು. ಅದು ನನಗೆ ಗೊತ್ತಾದದ್ದೇ ಆಗ. ಇಷ್ಟೊಂದು ಭಾನುವಾರ ಪಕ್ಕದಲ್ಲಿ ಕೂತಿದ್ದವಳಿಗೆ ಮಿಂಚಪ್ಪನ ಬಾಲ್ಯವನ್ನೆಲ್ಲ ವರ್ಣಿಸಿದ್ದೆ, ನಿನಗೆಷ್ಟು ಮಕ್ಕಳು ಎಂದು ಕೇಳಿರಲಿಲ್ಲ.

"ಆ ಕತಿ ಬರದಾಂವಗ ಎರಡ ಗೊತ್ರೀ" ಎಂದಳು ಹೋಗುತ್ತಾ. "ಒಂದೋ ಒಳಗ, ಇಲ್ಲಾ ಹೊರಗ."

ನಮ್ಮ ನಾಲ್ಕು ವಾರದ ಚರ್ಚೆಯಲ್ಲಿ ಶಿರ್ವದ ದಾರಿ ನನಗಾಗಲಿ ಜಲಜಕ್ಕನಿಗಾಗಲಿ ಹೊಳೆದಿರಲಿಲ್ಲ.

ಕಳೆದ ಭಾನುವಾರ ಯಲ್ಲವ್ವ ಮತ್ತೆ ಟೀವಿ ಮುಂದೆ ಬಂದು ಕೂತಳು. ಹೊಸ ಕಾನೂನು ಅವಳದೇ. ಜಲಜಕ್ಕ ಹೇಳಬೇಕು, ನಾನು ಸರಿಯೋ ತಪ್ಪೋ ಹೇಳಬೇಕು. ಇಬ್ಬರ ಮಾತೂ ಕೂಡಿದರೆ ಮಾತ್ರ ನಂಬುತ್ತಾಳೆ. ಅವಳ ಹಿಂದೆ, ಬಾಗಿಲಿಗೆ ಒರಗಿ ಹನಮಂತ ಕೂತಿದ್ದ. ತೆರೆಯ ಮೇಲೆ ಮಿಂಚಪ್ಪನ ಅಪ್ಪ ಬೀದಿ ಅಲೆಯುತ್ತಿದ್ದ.

"ನೀವೆಂತ ಹೇಳ್ತೀರಿ? ಇವನನ್ನು ಒಳಗೆ ಬಿಡಬೇಕಾ?" ಎಂದು ಜಲಜಕ್ಕ ಅವನನ್ನೇ ಕೇಳಿಬಿಟ್ಟರು.

ಹನಮಂತ ಟೀವಿಯಿಂದ ಕಣ್ಣು ತೆಗೆಯದೆ, "ನಾ ಏನ್ ಹೇಳ್ಲಿರೀ, ಆಕಿನ್ನ ಕೇಳ್ರಿ" ಎಂದ.

ಯಲ್ಲವ್ವ ತಿರುಗಿ ನೋಡಲಿಲ್ಲ. ನಕ್ಕಳೋ ಇಲ್ಲವೋ, ನಾನು ಕೂತಲ್ಲಿಂದ ಕಾಣಲಿಲ್ಲ.

ಹಾರುವವರ, ಮಿಂಚು ಬಿಡುವವರ ಧಾರಾವಾಹಿ ನೋಡಿ ಜನ ಕೆಡುತ್ತಾರೆ ಎಂದು ಪತ್ರಿಕೆಗೆ ಬರೆಯುತ್ತೀರಲ್ಲ, ಧಾರಾವಾಹಿಯನ್ನೇ ಕೆಡಿಸಿ ಹೇಳುವ ನನ್ನಂಥವರ ಮೇಲೆ ಯಾರಿಗೆ ದೂರು ಕೊಡುತ್ತೀರಿ?