ಪೈಸಾರಿಯಲ್ಲಿ ಹೂಡಿದ ಮೊದಲ ನೇಗಿಲು

ಕೊಡಗಿನಲ್ಲಿ ನಾನು ಮೊದಲ ಸಲ ನೇಗಿಲು ಹೂಡಿದ ದಿನ, ನಿಂಗವ್ವ ಎಂಬ ಮುದುಕಿ ಬಂದು ಎತ್ತುಗಳ ಮುಂದೆ ಕೂತುಬಿಟ್ಟಳು. ಬೈಯಲಿಲ್ಲ, ಅಳಲಿಲ್ಲ. ಮಡಿಲಿನಿಂದ ಎಲೆ ಅಡಿಕೆ ತೆಗೆದು ಹಾಕಿಕೊಂಡಳು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಭೂಮಿಯಿಲ್ಲದವರಿಗೆ ಸರ್ಕಾರ ಅಲ್ಲಿ ಜಮೀನು ಕೊಡುತ್ತಿದೆ ಎಂದು ಕೇಳಿ, ಹಾಸನದ ಬಯಲು ಕಡೆಯಿಂದ ಹೆಂಡತಿ ಮಕ್ಕಳೊಂದಿಗೆ ಶಿರಂಗಾಲದ ಹತ್ತಿರ ಬಂದು ಗುಡಿಸಲು ಹಾಕಿದ್ದೆ. ನಮ್ಮಲ್ಲಿ ದನ ಮೇಯುವ ಗೋಮಾಳಕ್ಕೆ ಕಲ್ಲು ನೆಟ್ಟಿರುತ್ತದೆ. ಅದನ್ನು ಯಾರೂ ಉಳುವಂತಿಲ್ಲ. ಇಲ್ಲಿ ಊರ ಪಕ್ಕದ ಇಳಿಜಾರಿಗೆ ಕಲ್ಲೂ ಇಲ್ಲ, ಬೇಲಿಯೂ ಇಲ್ಲ. ಇಂಥ ಸರ್ಕಾರಿ ಬೀಳು ನೆಲವನ್ನು ಪೈಸಾರಿ ಎನ್ನುತ್ತಾರೆ. ಗುರುತಿಲ್ಲದ್ದು ಯಾರದ್ದೂ ಅಲ್ಲ ಎಂದುಕೊಂಡೆ.

ಹಾಗೆ ಅಂದುಕೊಂಡದ್ದು ತಪ್ಪು ತಿಳಿವಳಿಕೆ. ಆಮೇಲೆ ಮಾಡಿದ್ದು ಬೇರೆ. ಮಂಜೂರಿಗೆ ಮುಂಚೆ ಸ್ಥಳ ನೋಡಲು ಬಂದ ಅಧಿಕಾರಿ, ಇಲ್ಲಿ ಯಾರಾದರೂ ದನ ಮೇಯಿಸುತ್ತಾರೆಯೇ ಎಂದು ಕೇಳಿದರು. ಕಾಲ ಬಳಿಯೇ ಹಸಿ ಸಗಣಿ ಬಿದ್ದಿತ್ತು.

"ಕಾಟಿ ಬರ್ತವೆ ಸ್ವಾಮಿ," ಎಂದೆ. ಕಾಟಿ ಎಂದರೆ ಕಾಡುಕೋಣ. ಹೊಸ ಊರಿನಲ್ಲಿ ಕಲಿತ ಮಾತನ್ನು ಮೊದಲು ಸುಳ್ಳಿಗೇ ಬಳಸಿದೆ.

"ಕಾಟಿ ಅರ್ಜಿ ಹಾಕೋದಿಲ್ಲ ಬಿಡು," ಎಂದು ಅವರು ನಕ್ಕರು. ನಾನೂ ನಕ್ಕೆ.

ಈಗ ನೇಗಿಲ ಮುಂದೆ ಈ ಮುದುಕಿ. "ಏಳವ್ವ, ಇದು ಸರ್ಕಾರ ನಂಗೆ ಕೊಟ್ಟದ್ದು," ಎಂದೆ.

"ಕೊಟ್ಟಿರಬೌದು ಕಣಪ್ಪ. ಸರ್ಕಾರ ಯಾವತ್ತಾದ್ರೂ ಇಲ್ಲಿ ಹಸ ಮೇಯ್ಸಿತ್ತಾ?"

ಅವಳ ಹಸುಗಳಿಗೆ ಅದೊಂದೇ ಮೇವಿನ ಜಾಗ. ಅವುಗಳ ಗೊಬ್ಬರದಿಂದಲೇ ಕೆಳಗಿನ ಅವಳ ಗದ್ದೆ ಬೆಳೆಯುತ್ತಿತ್ತು. ಗುಡಿಸಲಿನ ಬಾಗಿಲಲ್ಲಿ ನಿಂತಿದ್ದ ನನ್ನ ಚಿಕ್ಕ ಮಗಳನ್ನು ಬಹಳ ಹೊತ್ತು ನೋಡಿದಳು. "ಈ ಕೂಸಿನ ಹೊಟ್ಟೆಗೂ ಬೇಕಲ್ಲ," ಎನ್ನುತ್ತ ಎದ್ದಳು. ಹೊಳೆಗೆ ಹಸು ಇಳಿಯಲು ದಾರಿಯನ್ನಾದರೂ ಬಿಡು ಎಂದಳು. ಬಿಟ್ಟೆ. ಹೊಳೆಯಲ್ಲಿ ನೀರಿತ್ತು, ಮೇವೆಲ್ಲಿ? ಬೇಸಿಗೆ ಮುಗಿಯುವ ಮೊದಲೇ ಹಸುಗಳು ಸಂತೆಗೆ ಹೋದವು.

ನನ್ನ ರಾಗಿ ಚೆನ್ನಾಗಿ ಬಂತು. ಮಕ್ಕಳು ಹೊಟ್ಟೆ ತುಂಬ ಉಂಡರು. ಸರ್ಕಾರದಿಂದ ಬಡವನಿಗೆ ಸುಖ ಸಿಗುತ್ತದೆಯೇ ಎಂದು ನೀವು ಕೇಳಿದರೆ, ನನಗೆ ಸಿಕ್ಕಿದೆ. ಇನ್ನೊಂದು ಮನೆಯ ಕೊಟ್ಟಿಗೆ ಖಾಲಿ ಮಾಡಿ ಸಿಕ್ಕಿದೆ. ಸರ್ಕಾರ ವಿಚಾರಿಸಲಿಲ್ಲ ಎಂದು ದೂರುವಂತೆಯೂ ಇಲ್ಲ. ವಿಚಾರಿಸಿತ್ತು. ಉತ್ತರ ಕೊಟ್ಟವನು ನಾನು.

ಈ ವಯಸ್ಸಿನಲ್ಲೂ ಒಂದೆಡೆ ಕೂರಲಾಗುತ್ತಿಲ್ಲ. ಹಾಸನದ ಕಡೆ ಹೋದರೆ "ಕೊಡಗಿನೋರು ಬಂದ್ರು" ಎಂದು ನೆಂಟನಿಗೆ ಹಾಸುವಂತೆ ಚಾಪೆ ಹಾಸುತ್ತಾರೆ, ಮರುದಿನವೇ ಹೊರಡುತ್ತೇನೆ. ಇಲ್ಲಿ ನಿಂಗವ್ವ ತೀರಿಕೊಂಡು ವರ್ಷಗಳಾದವು. ದಾಖಲೆಯಲ್ಲಿ ನೆಲ ನನ್ನದು. ಇಲ್ಲೇ ಹುಟ್ಟಿದ ಮೊಮ್ಮಕ್ಕಳನ್ನು ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ, "ನಿಂಗವ್ವನ ದಿಣ್ಣೆಗೆ ತಾತ," ಎನ್ನುತ್ತಾರೆ. ನನ್ನ ಹೊಲಕ್ಕೆ ಊರವರು ಇಟ್ಟ ಹೆಸರನ್ನೇ ಕಲಿತಿದ್ದಾರೆ.

ಬೇಗ ಬನ್ನಿ ಎನ್ನುತ್ತೇನೆ. ಹೆಸರು ತಿದ್ದುವುದಿಲ್ಲ.