ಪಾವಗಡದ ಗಾರೆ ಕೋರ್ಟು

ಟೆನಿಸ್ ಆಟದ ಜಗಳದಲ್ಲಿ ನಾನು ಒಬ್ಬರ ಹೆಗಲ ಮೂಳೆ ಮುರಿದಿದ್ದೇನೆ. ಅವರು ಬೇರೆ ಯಾರೂ ಅಲ್ಲ, ನನ್ನ ಹೆಂಡತಿಯ ಒಡಹುಟ್ಟಿದ ಅಣ್ಣ. ನಾನು ಜನ್ಮದಲ್ಲಿ ಟೆನಿಸ್ ಬ್ಯಾಟು ಹಿಡಿದವನಲ್ಲ, ಅವರೂ ಹಿಡಿದವರಲ್ಲ. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ, ನನಗೆ ಮಾತ್ರ ಇವತ್ತಿಗೂ ನಗು ಬರುವುದಿಲ್ಲ.

ಆಗ ಯುದ್ಧದ ಕಾಲ. ಮಧುಗಿರಿಯ ಮುನ್ಸೀಫ್ ಕಚೇರಿಯಲ್ಲಿ ನಾನು ನಕಲು ಗುಮಾಸ್ತ. ಹಗಲೆಲ್ಲ ಬೇರೆಯವರ ವ್ಯಾಜ್ಯವನ್ನು ದುಂಡಗೆ ಬರೆದು, ಸಂಜೆ ಐದು ಹೊಡೆದರೆ ಬೆರಳಿನ ಮಸಿಯನ್ನೂ ತೊಳೆಯದೆ ಅಧಿಕಾರಿಗಳ ಕ್ಲಬ್ಬಿನ ಬೇಲಿಗೆ ಓಡುತ್ತಿದ್ದೆ. ಒಳಗೆ ಕಾಲಿಡುವ ಯೋಗ್ಯತೆ ನಮಗಿರಲಿಲ್ಲ. ಅಮೀನ, ಅರ್ಜಿ ಬರೆಯುವವನು, ಛಾಪಾಕಾಗದ ಮಾರುವವನು, ಹೋಟೆಲಿನವನು, ನಾವೆಲ್ಲ ಕಳ್ಳಿಬೇಲಿಯ ಆಚೆ ನಿಂತು ಕತ್ತು ಚಾಚುವವರು. ಒಳಗಿನವರು ಬಿಳಿ ಷರಾಯಿ ಹಾಕಿಕೊಂಡು ನಗುನಗುತ್ತ ಆಡುತ್ತಿದ್ದರು. ಹೊರಗೆ ನಾವು ಹಲ್ಲು ಕಡಿಯುತ್ತಿದ್ದೆವು. ಒಂದು ಸಲ ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬ ಮಾತಿಗೆ ಅಮೀನನು ಛಾಪಾಕಾಗದದವನ ಮುಂದಿನ ಎರಡು ಹಲ್ಲು ಉದುರಿಸಿದ. ಮಾರನೆಯ ದಿನ ಅವನು ಬಾಯಿಗೆ ಬಟ್ಟೆ ಒತ್ತಿಕೊಂಡೇ ಆಟ ನೋಡಲು ಬಂದ.

ನಮ್ಮ ಊರಿನ ದೇವರು ಒಬ್ಬ ವಕೀಲರು. ಕುಳ್ಳು ಆಳು, ಮೊಣಕಾಲು ಮಡಿಸಿ ಚೆಂಡನ್ನು ಅಡಿಯಿಂದ ಹುಲ್ಲು ಕೊಯ್ದ ಹಾಗೆ ಕೊಯ್ಯುತ್ತಿದ್ದರು. ನಮ್ಮ ಕೋರ್ಟು ಗರಸು ಮಣ್ಣಿನದು. ಕಲ್ಲಿನ ಉರುಳೆ ಎಳೆಸಿ, ಮೇಲೆ ಸಗಣಿ ನೀರು ಸಾರಿಸುತ್ತಿದ್ದರು. ಅದರ ಮೇಲೆ ಚೆಂಡು ಏಳುವುದಿಲ್ಲ, ತೆವಳಿಕೊಂಡು ಹೋಗುತ್ತದೆ. ಅಲ್ಲಿ ನಮ್ಮ ವಕೀಲರನ್ನು ಸೋಲಿಸಿದವರಿರಲಿಲ್ಲ. ಶಿರಾದ ಕೋರ್ಟು ಕೆರೆಯ ಗೋಡು ತಂದು ದಿಮ್ಮಿಸಿದ್ದು, ಬಿಸಿಲಿಗೆ ಇಟ್ಟಿಗೆಯಂತಾಗಿ ಚೆಂಡು ಭುಜದೆತ್ತರಕ್ಕೆ ನೆಗೆಯುತ್ತಿತ್ತು. ಅಲ್ಲಿನ ಡಾಕ್ಟರು ಆರಡಿ ಎತ್ತರ. ಮೇಲಿನಿಂದ ಬಾರಿಸಿದರೆ ಮುಗಿಯಿತು, ಅಲ್ಲಿ ನಮ್ಮ ವಕೀಲರು ಮೂರು ಸಲ ಸೋತಿದ್ದರು. ಕೊರಟಗೆರೆಯದು ಹೊಳೆಯ ಮರಳು ಬೆರೆಸಿದ ನೆಲ, ಅಲ್ಲಿ ಇವರೊಂದು ಸಲ ಅವರೊಂದು ಸಲ ಗೆದ್ದಿದ್ದರು. ಹಾಗಾದರೆ ನಿಜವಾಗಿ ದೊಡ್ಡವರು ಯಾರು? ಈ ಒಂದು ಪ್ರಶ್ನೆಗೆ ಎರಡು ಊರಿನವರು ಸಂತೆಯಲ್ಲಿ, ಬಸ್ಸಿನಲ್ಲಿ, ಕೊನೆಗೆ ತಿಥಿಯೂಟದ ಪಂಕ್ತಿಯಲ್ಲೂ ಅಂಗಿ ಹರಿದುಕೊಂಡಿದ್ದರು.

ನನ್ನ ಹೆಂಡತಿ ಶಿರಾದವಳು. ಅವಳಿಗೆ ತಂದೆ ಇರಲಿಲ್ಲ. ತಾಯಿ, ಮತ್ತು ಕಡಲೆಕಾಯಿ ಮಂಡಿ ಇಟ್ಟಿದ್ದ ಈ ಅಣ್ಣ, ಇಬ್ಬರೇ ಅವಳ ತವರು. ಅವಳಿಗೆ ಏಳು ತಿಂಗಳಾಗಿದ್ದಾಗ ಒಂದು ಭಾನುವಾರ ಭಾವ ನಮ್ಮ ಮನೆಗೆ ಬಂದರು. ಮೊದಲ ಹೆರಿಗೆ ತವರಿನಲ್ಲಿ, ತವರಿನವರೇ ಬಂದು ಕರೆದೊಯ್ಯಬೇಕು, ಅದಕ್ಕೆ ದಿನ ಗೊತ್ತುಮಾಡಲು ಬಂದಿದ್ದರು. ಮುದ್ದೆ ಮುರಿಯುವ ತನಕ ಎಲ್ಲ ಸರಿಯಾಗಿಯೇ ಇತ್ತು.

"ಸಗಣಿ ಮೇಲೆ ಗೆಲ್ಲೋದೂ ಒಂದು ಗೆಲುವಾ? ಅದೇನು ಕೋರ್ಟಾ, ಕೊಟ್ಟಿಗೆಯಾ?" ಅಂದರು.

"ನಿಮ್ ಡಾಕ್ಟ್ರಿಗೆ ಸೊಂಟ ಬಗ್ಗಲ್ಲ. ನೆಟ್ಟಗೆ ನಿಂತ್ಕಂಡು ಬಾರ್ಸೋಕೆ ಈಚಲಮರಾನೂ ಸಾಕು" ಅಂದೆ.

ಅವರ ಮುಖ ಕೆಂಪಾಯಿತು. "ಪಾವಗಡದಾಗೆ ಹೊಸದಾಗಿ ಗಾರೆ ಕೋರ್ಟು ಹಾಕ್ಸವ್ರೆ. ಬರೋ ತಿಂಗ್ಳು ಇಬ್ರೂ ಅಲ್ಲಿ ಆಡ್ತಾರೆ. ಅದು ನಿಮ್ ಸಗಣೀನೂ ಅಲ್ಲ, ನಮ್ ಗೋಡೂ ಅಲ್ಲ. ಅಲ್ಲಿ ಗೆದ್ದೋನೇ ದೊಡ್ಡೋನು. ಒಪ್ತೀರಾ?"

ನನಗೆ ಸಿಟ್ಟು ಬಂದರೆ ನಾಲಿಗೆ ಮೊದಲು ಹೋಗುತ್ತದೆ, ಬುದ್ಧಿ ಆಮೇಲೆ ಹೋಗುತ್ತದೆ. "ಒಪ್ಪದೇನು? ನಿಮ್ ಡಾಕ್ಟ್ರು ಗೆದ್ರೆ ಬಂದು ನಿಮ್ ತಂಗೀನ ಕರ್ಕಂಡೋಗಿ. ಸೋತ್ರೆ ಹೆರಿಗೆ ಇದೇ ಮನೇಲಿ. ನಿಮ್ಮಮ್ಮ ಹೊಸ್ತಿಲು ತುಳೀಕೂಡ್ದು" ಎಂದೆ.

ಆಗಲೇ ಅವರು ನನ್ನ ಕಪಾಳಕ್ಕೆ ಹೊಡೆಯಬೇಕಿತ್ತು. ಅವರೂ ನನ್ನಂಥವರೇ. "ಆಗ್ಲಿ" ಎಂದು ಎದ್ದು ಕೈ ತೊಳೆದರು. ಸಾರಿನ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಇಬ್ಬರನ್ನೂ ನೋಡಿದಳು.

ಅವರು ಹೋದ ಮೇಲೆ ಇಷ್ಟೇ ಹೇಳಿದಳು: "ನಮ್ಮಮ್ಮ ಆಗ್ಲೇ ಬಾಣಂತಿ ಖಾರಕ್ಕೆ ಮೆಣಸು ಒಣಗಾಕವ್ಳೆ. ನಂಗೆ ಭಯ ಆಯ್ತದೆ, ನಂಗೆ ನಮ್ಮಮ್ಮ ಬೇಕು."

ನಾನು ಅಂಗಿ ಹಾಕಿಕೊಂಡು ಕ್ಲಬ್ಬಿನ ಬೇಲಿಗೆ ಹೊರಟೆ. ಮಾತು ಕೊಟ್ಟಾಗಿದೆ ಎಂಬ ಹುಂಬತನ.

ಆಟದ ಹಿಂದಿನ ದಿನ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ನಾವು ಹದಿನೈದು ಜನ ಪಾವಗಡಕ್ಕೆ ಹೋದೆವು. ದಿಬ್ಬ ಬಂದಾಗಲೆಲ್ಲ ಇಳಿದು ತಳ್ಳಿದೆವು. ಇಳಿದು ಕೋರ್ಟು ನೋಡಿದ ಕೂಡಲೇ ನನ್ನ ಎದೆ ಒಡೆಯಿತು. ಬಂಡೆಯಂಥ ಗಾರೆ. ಒಂದು ಬೆಣಚುಕಲ್ಲು ಎಸೆದು ನೋಡಿದೆ, ಸೊಂಟದ ಮೇಲಕ್ಕೆ ಪುಟಿಯಿತು. ಇಲ್ಲಿ ಡಾಕ್ಟರೇ ಗೆಲ್ಲುವುದು. ನಾನು ಕೈಕಟ್ಟಿ ಕುಳಿತಿದ್ದರೆ ಸಾಕಿತ್ತು, ಡಾಕ್ಟರು ಗೆಲ್ಲುತ್ತಿದ್ದರು, ನನ್ನ ಹೆಂಡತಿ ತಾಯಿಯ ಹತ್ತಿರ ಹೋಗುತ್ತಿದ್ದಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ, ಅದಕ್ಕೇ ಈ ವಯಸ್ಸಿನಲ್ಲೂ ನನ್ನ ಮೇಲೆ ನನಗೆ ಅಸಹ್ಯ.

ಮಾರನೆಯ ದಿನ ಬೆಳಕು ಹರಿಯುವಾಗ ಎರಡು ಬುಟ್ಟಿ ಸಗಣಿ ಹೊರಿಸಿಕೊಂಡು ಕ್ಲಬ್ಬಿಗೆ ಹೋದೆ. ತೆಲುಗು ಬೆರೆಸಿ ಮಾತಾಡುವ ಕಾವಲಿನ ಮುದುಕ ಅಡ್ಡ ಬಂದ. "ಇದಿ ಗಾರೆ ಸಾಮಿ. ಸಗಣಿ ಅಂಟಲ್ಲ, ಒಣಗಿದ್ರೆ ಎದ್ದು ಬತ್ತೈತೆ, ಕಾಲು ಜಾರತೈತೆ" ಎಂದ.

"ಜಿಲ್ಲೆಯಿಂದ ದೊಡ್ಡೋರು ಬತ್ತಾವ್ರೆ. ಶುಭಕಾರ್ಯದ ದಿನ ನೆಲ ಸಾರಿಸ್ದಂಗೆ ಬುಡ್ತೀಯೇನಯ್ಯ? ಆಮೇಲೆ ಏನಾದ್ರೂ ಅಪಶಕುನ ಆದ್ರೆ ಯಾರ ತಲೆ ಮೇಲೆ?" ಎಂದು ಗದರಿದೆ.

ಈ ಮಾತಿಗೆ ನಮ್ಮ ಸೀಮೆಯಲ್ಲಿ ಇಲ್ಲ ಎನ್ನುವವರಿಲ್ಲ. ಮುದುಕ ತಾನೇ ನೀರು ಸೇದಿ ಕೊಟ್ಟ. ನಾನು ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ, ಮೂಲೆಮೂಲೆಯನ್ನೂ ಕೈಯಾರೆ ಸಾರಿಸಿದೆ. ಅಧಿಕಾರಿಗಳು ಬಂದು ನೋಡಿ ಅಚ್ಚುಕಟ್ಟಾಗಿದೆ ಎಂದು ಮೆಚ್ಚಿಕೊಂಡರು.

ಮೊದಲ ಸೆಟ್ಟಿನಲ್ಲಿ ಚೆಂಡು ನಾನು ಎಣಿಸಿದಂತೆಯೇ ತೆವಳಿತು, ವಕೀಲರು ಗೆದ್ದರು. ನಾನು ಗಂಟಲು ಹರಿಯುವಂತೆ ಕೂಗಿದೆ. ಎರಡನೆಯ ಸೆಟ್ಟಿನ ಹೊತ್ತಿಗೆ ಬಿಸಿಲು ಏರಿ ಸಗಣಿ ಹಪ್ಪಳವಾಗಿ ಏಳತೊಡಗಿತು. ಬಲೆಯ ಹತ್ತಿರ ಬಿದ್ದ ಚೆಂಡಿಗೆ ಡಾಕ್ಟರು ಓಡಿ ಬಂದರು. ಕಾಲ ಕೆಳಗಿನ ಪದರ ಕಿತ್ತು ಬಂತು. ಬಿದ್ದ ರಭಸಕ್ಕೆ ಮೈಯ ಭಾರವೆಲ್ಲ ಬಲಗೈ ಮೇಲೆ ಬಿತ್ತು. ಲಟಕ್ಕೆಂದ ಸದ್ದು ಬೇಲಿಯ ತನಕ ಕೇಳಿಸಿತು. ಮಣಿಕಟ್ಟು ಅಡ್ಡಕ್ಕೆ ತಿರುಗಿ ನಿಂತಿತ್ತು.

ಭಾವ ಬೇಲಿ ಹಾರಿ ಒಳಗೆ ಹೋಗಿ ಒಂದು ಹಪ್ಪಳ ಎತ್ತಿ ಮೂಸಿದರು. "ಇದು ಮಧುಗಿರಿಯೋರ ಕೆಲ್ಸ ಕಣ್ರಲಾ!" ಎಂದು ಕಿರುಚಿದರು. ನಾವೆಲ್ಲ ಒಳಗೆ ನುಗ್ಗಿದೆವು, ಆಮೇಲೆ ಯಾರು ಮೊದಲು ಹೊಡೆದರೋ ದೇವರೇ ಬಲ್ಲ. ಒಂದು ಕಲ್ಲು ನನ್ನ ಹುಬ್ಬು ಸೀಳಿತು. ಅಮೀನನನ್ನು ನಾಲ್ವರು ಕೆಡವಿ ತುಳಿಯುತ್ತಿದ್ದರು. ಹೋಟೆಲಿನವನು ಒಬ್ಬನ ಕಿವಿ ಕಚ್ಚಿ ಹಿಡಿದಿದ್ದ. ಪಾವಗಡದವರು ತಮ್ಮ ಹೊಸ ಕೋರ್ಟು ಹಾಳಾದ ಸಿಟ್ಟಿಗೆ ಎರಡೂ ಊರಿನವರಿಗೆ ಸಮನಾಗಿ ದೊಣ್ಣೆ ಬೀಸಿದರು. ಭಾವ ನನ್ನನ್ನು ಹುಡುಕಿ ಬಂದು ಬಲೆಯ ಕಂಬಕ್ಕೆ ಒತ್ತಿ ಕುತ್ತಿಗೆ ಅಮುಕಿದರು. ಕಣ್ಣಿಗೆ ರಕ್ತ ಇಳಿದು ಏನೂ ಕಾಣುತ್ತಿರಲಿಲ್ಲ. ಬಲೆ ಬಿಗಿಯುವ ಕಬ್ಬಿಣದ ಹಿಡಿ ಕೈಗೆ ಸಿಕ್ಕಿತು, ಕಿತ್ತು ಅವರ ಹೆಗಲಿಗೆ ಹೊಡೆದೆ. ಅವರು ಕೈ ಬಿಡಲಿಲ್ಲ. ಇನ್ನೊಂದು ಹೊಡೆದೆ. ಆಗ ಮೂಳೆ ಒಳಗೆ ಕುಸಿದದ್ದು ಹಿಡಿಯ ಮೂಲಕ ನನ್ನ ಅಂಗೈಗೆ ಗೊತ್ತಾಯಿತು. ಸುಳ್ಳು ಏಕೆ ಹೇಳಲಿ, ಆ ಗಳಿಗೆಯಲ್ಲಿ ನನಗೆ ಖುಷಿಯಾಯಿತು.

ಪೊಲೀಸರು ಬಂದು ಬಿಡಿಸಿದಾಗ ನೋಡುತ್ತೇನೆ, ನಮ್ಮ ವಕೀಲರು ಡಾಕ್ಟರ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಟವೆಲು ಕಟ್ಟುತ್ತಿದ್ದಾರೆ. ಬಣ್ಣಗೆಟ್ಟ ಮುಖದಲ್ಲೇ ಡಾಕ್ಟರು, ಭಾವನ ಹೆಗಲಿಗೆ ಹೇಗೆ ಪಟ್ಟಿ ಕಟ್ಟಬೇಕೆಂದು ಕಾಂಪೌಂಡರಿಗೆ ಹೇಳಿಕೊಡುತ್ತಿದ್ದಾರೆ. ನಾನು ರಕ್ತ ಸುರಿಸಿಕೊಂಡು ವಕೀಲರ ಮುಂದೆ ಹೋಗಿ ಕೈಮುಗಿದು ನಿಂತೆ. ಆರು ವರ್ಷ ದಿನಾ ಸಂಜೆ ಅವರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದವನು ನಾನು. ಅವರು ತಲೆಯೆತ್ತಿ, "ಯಾರಪ್ಪ ನೀನು?" ಎಂದು ಕೇಳಿದರು.

ಮನೆಗೆ ಬಂದಾಗ ಹೆಂಡತಿ ನನ್ನ ಹುಬ್ಬಿನ ಗಾಯ ನೋಡಿದಳು, ಅದರ ಬಗ್ಗೆ ಕೇಳಲಿಲ್ಲ. "ಯಾರು ಗೆದ್ರು?" ಎಂದಳು.

"ಆಟ ಅರ್ಧಕ್ಕೆ ನಿಂತೋಯ್ತು."

"ಅಣ್ಣ?"

ನಾನು ಕಾಲು ತೊಳೆಯಲು ಹಿತ್ತಲಿಗೆ ಹೋದೆ. ಶಿರಾದ ಸುದ್ದಿ ಎರಡೇ ದಿನದಲ್ಲಿ ಅವಳಿಗೆ ತಲುಪಿತು. ಆ ಹೊತ್ತಿನಿಂದ ನನ್ನೊಡನೆ ಮಾತು ಬಿಟ್ಟಳು. ತನ್ನ ನಾಲ್ಕು ಸೀರೆ ಗಂಟು ಕಟ್ಟಿ ಬಾಗಿಲ ಮೂಲೆಯಲ್ಲಿಟ್ಟಳು. ಕರೆದೊಯ್ಯಲು ಬರಬೇಕಾದ ಒಬ್ಬನೇ ಒಬ್ಬ ಗಂಡಸನ್ನು ನಾನೇ ಹಾಸಿಗೆಗೆ ಕೆಡವಿದ್ದೆ. ದಿನ ಕಳೆದವು. ಎಂಟು ತಿಂಗಳು ತುಂಬಿ ಅವಳ ಪಾದ ಊದಿಕೊಂಡವು. ಒಂದು ಬೆಳಿಗ್ಗೆ ಬಾವಿಯ ಹತ್ತಿರ ಕಣ್ಣುಕತ್ತಲೆ ಬಂದು ಕುಸಿದಳು. ಅವಳನ್ನು ಎತ್ತಿ ಒಳಗೆ ತಂದು ಮಲಗಿಸಿದೆ. ನನ್ನ ಮಾತು, ನನ್ನ ವಕೀಲರು, ಎಲ್ಲ ಸುಟ್ಟುಹೋಗಲಿ ಅನ್ನಿಸಿತು. ಗಂಡನೇ ಹೆರಿಗೆಗೆ ಕರೆದೊಯ್ದು ಬಿಡುವುದು ನಮ್ಮವರಲ್ಲಿ ನಾಚಿಕೆಗೇಡು. ಆದರೂ ಕಮಾನು ಗಾಡಿಯಲ್ಲಿ ಹುಲ್ಲು ಹಾಸಿ, ಅವಳನ್ನು ಕೂರಿಸಿಕೊಂಡು ಶಿರಾಕ್ಕೆ ಹೊರಟೆ.

ಮರುದಿನ ಮಧ್ಯಾಹ್ನ ಅವರ ಮನೆ ಮುಂದೆ ಗಾಡಿ ನಿಂತಿತು. ಅತ್ತೆ ಓಡಿ ಬಂದು ಮಗಳನ್ನು ತಬ್ಬಿ ಒಳಗೆ ಕರೆದುಕೊಂಡರು. ನನ್ನತ್ತ ನೋಡಲಿಲ್ಲ. ಭಾವ ಜಗಲಿಗೆ ಬಂದರು. ಬಲಗೈ ಎದೆಗೆ ಕಟ್ಟಿತ್ತು, ಮೈ ಅರ್ಧಕ್ಕಿಳಿದಿತ್ತು. ಬೀದಿಯವರೆಲ್ಲ ನೆರೆದರು.

"ಒಂದು ಮಾತು ಕೇಳ್ತೀನಿ. ಸಗಣಿ ಸಾರ್ಸಿದ್ದು ಯಾರು?" ಎಂದರು.

ಅದನ್ನು ನಾನು ಅಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ. "ನಾನೇ" ಎಂದೆ.

"ನಮ್ ಡಾಕ್ಟ್ರು ಗೆದ್ರೆ ಇವಳು ಮನೆಗೆ ಬತ್ತಾಳೆ ಅಂತ ಗೊತ್ತಿದ್ದೂ?"

"ಗೊತ್ತಿದ್ದೂ."

ಎಡಗೈಯಲ್ಲಿ ಹೊಡೆದರು. ನಾನು ಕೈ ಎತ್ತಲಿಲ್ಲ. ಹುಬ್ಬಿನ ಹಳೆಯ ಗಾಯ ಬಿಚ್ಚಿಕೊಂಡಿತು. ಮತ್ತೆ ಹೊಡೆದರು, ತುಟಿ ಒಡೆಯಿತು. ಮೂರನೆಯದಕ್ಕೆ ನಾನು ಮಂಡಿಯೂರಿದೆ. ಅಷ್ಟಕ್ಕೆ ಅವರಿಗೇ ಉಸಿರು ಕಟ್ಟಿ, ಮುರಿದ ಹೆಗಲು ಹಿಡಿದುಕೊಂಡು ಕಂಬಕ್ಕೆ ಒರಗಿದರು. ಸಾಕು ಎಂದು ಯಾರೋ ಅಂದರು.

ಆಗ ಹೊಸ್ತಿಲ ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು. ಒಂದು ತಿಂಗಳ ಮೇಲೆ ನಾನು ಕೇಳಿದ ಅವಳ ಮೊದಲ ಮಾತು ಅದು.

"ಇನ್ನೊಂದು ಹೊಡಿ ಅಣ್ಣಯ್ಯ. ಅವೆಲ್ಲ ನಿಂದು. ಇದು ನಂದು."

ಭಾವ ತಿರುಗಿ ತಂಗಿಯ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಕಂಬ ಬಿಟ್ಟು ಬಂದು ಹೊಡೆದರು. ಮೊದಲಿನ ಮೂರಕ್ಕಿಂತ ಅದು ಮೆಲ್ಲಗೆ ಬಿತ್ತು, ನಾನು ಅತ್ತದ್ದು ಮಾತ್ರ ಅದಕ್ಕೇ.